ಅರ್ಧ ಸುರುಳಿ

ಗಣಾರಾಧನೆ ಮುಗಿದು, ಕೊನೆಯ ನೆಂಟರೂ ಬಸ್ಸು ಹತ್ತಿ ಹೋದ ಮರುದಿನ ಬೆಳಿಗ್ಗೆ ಮಲ್ಲಿಕಾರ್ಜುನಪ್ಪ ಗಿರಣಿ ಶುರು ಮಾಡಿದ. ತಮ್ಮ ಸದಾಶಿವಪ್ಪ ತೀರಿಕೊಂಡ ದಿನದಿಂದ ನಿಂತಿದ್ದ ಎಂಜಿನ್ನು ನಾಲ್ಕಾರು ಸಲ ಕೆಮ್ಮಿತು, ಆಮೇಲೆ ಏನೂ ಆಗಿಲ್ಲವೆಂಬಂತೆ ಟುಕುಟುಕು ಹೊಡೆಯತೊಡಗಿತು. ಗೋಡೆಯ ಈಚೆಗಿನ ಅಡುಗೆಮನೆಯಲ್ಲಿ ಲೋಟಗಳು ಎಂದಿನಂತೆ ನಡುಗಿದವು. ತಮ್ಮನ ಹೆಂಡತಿ ಇಂದುಮತಿ ಒಲೆಯ ಬೂದಿ ತೆಗೆದಳು, ನೀರು ಸೇದಿದಳು, ಬಾಗಿಲು ತೊಳೆದಳು. ರಂಗೋಲಿ ಬಟ್ಟಲು ಕೈಗೆತ್ತಿಕೊಂಡವಳು ಅದನ್ನು ಹಾಗೇ ಇಟ್ಟಳು. ಅಳು ಇನ್ನೂ ಬಂದಿರಲಿಲ್ಲ. ಅದಕ್ಕೂ ನೆಂಟರು ಒಂದು ಮಾತು ಆಡಿ ಹೋಗಿದ್ದರು, "ಆ ಕಡೆಯೋರು ಕಲ್ಲು ಕಣೆ, ಕಲ್ಲು."

ಆ ಕಡೆ ಎಂದರೆ ಸೊಲ್ಲಾಪುರ. ಆಕೆ ಮದುವೆಯಾಗಿ ಶಿಕಾರಿಪುರಕ್ಕೆ ಬಂದದ್ದೂ ರಾಜ್ಯಗಳನ್ನು ಹಂಚಿದ್ದೂ ಒಂದೇ ವರ್ಷ. ಸೊಲ್ಲಾಪುರ ಬೊಂಬಾಯಿ ರಾಜ್ಯದಲ್ಲೇ ಉಳಿಯಿತು. "ಊರನ್ನ ಮರಾಠಿಯೋರಿಗೆ ಬಿಟ್ಟು ನಿನ್ನೊಬ್ಬಳನ್ನ ನಮಗೆ ಕೊಟ್ರಾ?" ಎಂದು ಗಿರಣಿಗೆ ಹಿಟ್ಟು ಬೀಸಿಸಲು ಬರುವ ದುರ್ಗಮ್ಮ ಮೊದಲ ದಿನವೇ ಕೇಳಿ ಎಲ್ಲರನ್ನೂ ನಗಿಸಿದ್ದಳು. ಇಂದುಮತಿ ಆಡುವುದೂ ಕನ್ನಡವೇ. ಆದರೂ ಆಕೆ ಬಾಯಿ ತೆರೆದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವರು. ಒಂದು ದಿನ "ಹಿಟ್ಟು ಸಣ್ಣಂಗ ಬೀಸಿಲ್ರಿ" ಅಂದದ್ದನ್ನು ಯಾರೋ ಅದೇ ರಾಗದಲ್ಲಿ ಮತ್ತೆ ಹೇಳಿದರು. ಆಮೇಲೆ ಆಕೆ ಮಾತು ಕಡಿಮೆ ಮಾಡಿದಳು. ಮಾತು ಕಡಿಮೆಯಾದ ಮೇಲೆ, ಓದಿದವಳು, ಜಂಬ ಎಂದರು. ಪರದೇಶಕ್ಕೆ ಹೋದವರಿಗಾದರೂ ತಮಗೆ ಭಾಷೆ ಬರುವುದಿಲ್ಲ ಎಂಬ ನೆಪ ಇರುತ್ತದೆ. ಇಂದುಮತಿಗೆ ಅದೂ ಇರಲಿಲ್ಲ.

ಗಂಡ ಸದಾಶಿವಪ್ಪ ಸೊರಬದ ಬ್ಲಾಕ್ ಆಫೀಸಿನಲ್ಲಿ ಗ್ರಾಮಸೇವಕ. ಕುಪ್ಪಗಡ್ಡೆ, ಆನವಟ್ಟಿ ಸುತ್ತಿನ ಹಳ್ಳಿಗಳು ಅವನ ಪಾಲಿನವು. ವಾರವೆಲ್ಲ ಅಲ್ಲೇ ಸೈಕಲ್ಲಿನ ಮೇಲೆ ತಿರುಗಿ ಶನಿವಾರ ಸಂಜೆ ಮನೆಗೆ ಬರುತ್ತಿದ್ದ. ಅಲ್ಲಿ ಒಂದು ಬಾಡಿಗೆ ಮನೆ ಸಿಕ್ಕಿದ ಕೂಡಲೆ ಕರೆದುಕೊಂಡು ಹೋಗುತ್ತೇನೆ ಎನ್ನುತ್ತಿದ್ದ. ಮಳೆಗಾಲ ಕಳೆಯುತ್ತಿದ್ದಂತೆ ವಿಷಮಶೀತ ಜ್ವರ ಹಿಡಿಯಿತು. ಮನೆ ಸಿಕ್ಕಲಿಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ಮೊದಲು ನೋಡಿದ್ದು ಧಾರವಾಡದಲ್ಲಿ. ಆಕೆ ಬಿ.ಎ. ಓದುತ್ತಿದ್ದಳು, ಅವನು ತರಬೇತಿಗೆ ಬಂದಿದ್ದ. ಭೂಗೋಳದ ಮೇಷ್ಟರೊಬ್ಬರು ಶನಿವಾರ ಸಂಜೆ ಗೋಡೆಗೆ ಪಂಚೆ ಕಟ್ಟಿ, ಎಲ್ಲೆಲ್ಲಿಂದಲೋ ತರಿಸಿದ ಸಣ್ಣ ಚಿತ್ರಗಳನ್ನು ತೋರಿಸುತ್ತಿದ್ದರು. ಅವುಗಳಲ್ಲಿ ಹಾಡಿಲ್ಲ, ಹೊಡೆದಾಟವಿಲ್ಲ, ಎಷ್ಟೋ ಸಲ ಮಾತೂ ಇಲ್ಲ. ಒಂದರಲ್ಲಿ ಯಾವುದೋ ತಣ್ಣನೆಯ ದೇಶದ ಮುದುಕಿ ಮೀನಿನ ಬಲೆ ಹೊಲಿಯುತ್ತ ಕೂತಿದ್ದಳು. ಹೊಲಿದು ಮುಗಿಯಿತು, ಎದ್ದು ಒಳಗೆ ಹೋದಳು. ಹುಡುಗರು ಸೀಟಿ ಹೊಡೆದರು. ಇಂದುಮತಿಯ ಹಿಂದಿನ ಬೆಂಚಿನಿಂದ ಒಂದು ದನಿ "ಇಷ್ಟೇ ಸಾಕಲ್ಲ?" ಎಂದಿತು. ಆಕೆ ತಿರುಗಿ ನೋಡಿದಳು. ಆಮೇಲೆ ಹಿರಿಯರು ಕೂತು ಮದುವೆ ಗೊತ್ತು ಮಾಡಿದರು. ಗೊತ್ತು ಮಾಡಿದ್ದು ತಾವೇ ಎಂದು ಅವರು ಇವತ್ತಿಗೂ ನಂಬಿದ್ದಾರೆ.

ಆ ದಿನ ಮಧ್ಯಾಹ್ನ ಊಟಕ್ಕೆ ಕೂತ ಮಲ್ಲಿಕಾರ್ಜುನಪ್ಪ ತಾಯಿಯ ಕಡೆ ತಿರುಗಿ ಹೇಳಿದ, "ಅವ್ವ, ಅವರಿಗೆ ಹೇಳು. ಸೊಲ್ಲಾಪುರಕ್ಕೆ ಕಾಗದ ಹಾಕಿದೀನಿ. ಸಂಕ್ರಾಂತಿ ಕಳೆದ ಮೇಲೆ ಅವರಪ್ಪ ಬಂದು ಕರ್ಕಂಡು ಹೋಗ್ತಾರೆ."

"ಇಲ್ಲೇ ನಿಂತಾಳಲ್ಲೋ, ನೀನೇ ಹೇಳು," ಎಂದಳು ಅತ್ತೆ ಗುಡ್ಡಮ್ಮ.

ಮಲ್ಲಿಕಾರ್ಜುನಪ್ಪ ತಟ್ಟೆಯನ್ನೇ ನೋಡಿದ. ತಮ್ಮನ ಹೆಂಡತಿಯೊಂದಿಗೆ ನೇರ ಮಾತಾಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ. "ಇನ್ನೊಂದು ಐತೆ. ಆ ಸಿನಿಮಾ ತೆಗೆಯೋ ಡಬ್ಬಿ. ಸೊರಬದ ಪಂಚಾಕ್ಷರಪ್ಪನೋರದ್ದು. ಸತ್ತೋನು ಇಸ್ಕಂಡು ಬಂದ ಸಾಮಾನು ಅಮಾಸೆ ಒಳಗೆ ಮನೆ ಬಿಡ್ಬೇಕು. ನಾಳೆ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸ್ತೀನಿ."

"ಕಂಡಕ್ಟರ್ ಕೈಯಾಗ ಕೊಡಬ್ಯಾಡ್ರಿ," ಎಂದಳು ಇಂದುಮತಿ.

ಗಿರಣಿ ನಿಂತಿದ್ದ ಹೊತ್ತು. ಮಾತು ಮನೆಯಲ್ಲೆಲ್ಲ ಕೇಳಿತು.

"ಅದರಾಗ ಅವ್ರು ತೆಗೆದ ಚಿತ್ರ ಅದಾವ. ನಾ ನೋಡಬೇಕು. ನಾನ ಒಯ್ದು ಕೊಡ್ತೀನಿ."

"ಅವರಪ್ಪ ಬಂದು ಕರ್ಕಂಡು ಹೋಗೋ ತನಕ ಹೊಸಿಲು ದಾಟೋ ಹಂಗಿಲ್ಲ ಅಂತ ಹೇಳವ್ವ," ಎಂದು ಮಲ್ಲಿಕಾರ್ಜುನಪ್ಪ ಕೈತೊಳೆದು ಎದ್ದ.

ಕ್ಯಾಮೆರಾ ಕೋಣೆಯ ಗೂಡಿನಲ್ಲಿತ್ತು. ಎರಡು ಅಂಗೈ ಸೇರಿಸಿದರೆ ಎಷ್ಟಾಗುತ್ತದೋ ಅಷ್ಟು ದೊಡ್ಡದು. ಪಕ್ಕದಲ್ಲಿ ಗಡಿಯಾರಕ್ಕೆ ಇರುವಂಥ ಚಾವಿ. ಸದಾಶಿವಪ್ಪ ಬೇಸಗೆಯಿಂದ ಅದನ್ನು ಹೆಗಲಿಗೆ ಹಾಕಿಕೊಂಡು ಹಳ್ಳಿ ಸುತ್ತುತ್ತಿದ್ದ. ಏನು ತೆಗೆಯುತ್ತಿದ್ದೀರಿ ಎಂದರೆ ಹೇಳುತ್ತಿರಲಿಲ್ಲ. "ಮುಗೀಲಿ, ತೋರಿಸ್ತೀನಿ. ಮಾತಿಲ್ಲ, ಹಾಡಿಲ್ಲ. ನಿನಗೆ ಅಂತಾನೇ," ಎಂದು ಒಮ್ಮೆ ಅಂದಿದ್ದ. ಆಕೆಗೆ ಉಳಿದದ್ದು ಅದೊಂದು ಮಾತು. ಅವನು ಏನು ಕಂಡ, ಅದನ್ನು ತನಗೆ ಅಂತ ಯಾಕೆ ತೆಗೆದ ಎಂಬುದು ತಿಳಿಯದೆ ಸೊಲ್ಲಾಪುರದ ಬಸ್ಸು ಹತ್ತುವುದಿಲ್ಲ ಎಂದು ಆಕೆ ಆ ಮಧ್ಯಾಹ್ನವೇ ನಿಶ್ಚಯ ಮಾಡಿಕೊಂಡಳು. ತಂದೆಗೆ ಒಂದು ಕಾರ್ಡು ಬರೆದಳು. "ಈಗ ಬರಬೇಡಿ. ಇಲ್ಲಿ ಒಂದು ಕೆಲಸ ಉಳಿದಿದೆ." ಮೂರನೆಯ ವಾಕ್ಯ ಬೇಕೆನಿಸಲಿಲ್ಲ.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಗೆದು ಬಂದಾಗ ಗುಡ್ಡಮ್ಮ ನಡುಮನೆಯ ಕಿಟಕಿಯ ಹತ್ತಿರ ಬಿಸಿಲಿಗೆ ಕೂತಿದ್ದಳು. ಸ್ನಾನ ಮಾಡಿ ಹಣೆಗೆ ವಿಭೂತಿ ಧರಿಸಿದ್ದಳು. ತೊಡೆಯ ಮೇಲೆ ಕ್ಯಾಮೆರಾ. ಎಲೆಯಡಿಕೆ ಡಬ್ಬಿಯ ಮುಚ್ಚಳದಂತೆ ಅದರ ಮುಚ್ಚಳ ತೆರೆದಿತ್ತು. ಒಳಗಿನ ಎರಡು ಚಕ್ರಗಳಲ್ಲಿ ಒಂದರ ತುಂಬ ಸುರುಳಿ, ಇನ್ನೊಂದು ಬರಿದು. ಬರಿದಾದ ಚಕ್ರದ ಮೇಲೆ ಗುಡ್ಡಮ್ಮ ನಾಲ್ಕು ಕಾಳು ಅಕ್ಕಿಯನ್ನೂ ಒಂದು ಚೂರು ಬೆಲ್ಲವನ್ನೂ ಇಡುತ್ತಿದ್ದಳು.

ಇಂದುಮತಿ ಕೈಯಲ್ಲಿದ್ದ ಒದ್ದೆ ಸೀರೆಯನ್ನೇ ಅದರ ಮೇಲೆ ಎಸೆದಳು. ಆಮೇಲೆ ಅದರ ಕೆಳಗೆ ಕೈ ತೂರಿಸಿ ಮುಚ್ಚಳ ಹಾಕಿದಳು.

"ಅಯ್ಯೋ, ಮಡಿ!" ಎಂದಳು ಗುಡ್ಡಮ್ಮ. ಸೊಸೆಯ ಮುಖ ನೋಡಿ ದನಿ ತಗ್ಗಿಸಿದಳು. "ಏನಾತೆ?"

"ಎಷ್ಟೊತ್ತಾತ್ರಿ ತೆಗೆದು?"

"ಈಗ ತಾನೇ. ಒಂದಿಷ್ಟು ಹೊತ್ತು. ಒರೆಸಿದೆ, ವಿಭೂತಿ ಹಚ್ಚಿದೆ. ಇಸ್ಕಂಡ ಪಾತ್ರೆ ಖಾಲಿ ಕೊಡಬಾರ್ದು ಕಣವ್ವ. ಹಾಲಿನ ಚೆಂಬೇ ಆಗ್ಲಿ, ಒಂದು ಚೂರು ಬೆಲ್ಲನಾದ್ರೂ ಹಾಕಿ ಕೊಡ್ಬೇಕು. ಅದರಾಗೂ ಸತ್ತ ಮಗನ ಹೆಸರಿಂದು. ಇದರಾಗೆ ಒಂದು ಕಡೆ ತುಂಬಿತ್ತು, ಒಂದು ಕಡೆ ಖಾಲಿ ಇತ್ತು. ಅದಕ್ಕೆ..."

ಬೆಳಕು ಬಿದ್ದರೆ ಸುರುಳಿ ಸುಟ್ಟುಹೋದಂತೆ ಎಂದು ಸದಾಶಿವಪ್ಪ ಹೇಳಿದ್ದು ಇಂದುಮತಿಗೆ ನೆನಪಿತ್ತು. ಅದನ್ನು ಇದ್ದ ಹಾಗೆ ಅತ್ತೆಗೆ ಹೇಳಿದಳು. ಗುಡ್ಡಮ್ಮ ಕೈಯಲ್ಲಿ ಉಳಿದಿದ್ದ ಅಕ್ಕಿಕಾಳುಗಳನ್ನು ಒಂದೊಂದಾಗಿ ಬಟ್ಟಲಿಗೆ ಹಾಕಿದಳು. ಎದ್ದು ಕಂಬಳಿ ತಂದು ಕ್ಯಾಮೆರಾಕ್ಕೆ ಸುತ್ತಿದಳು, ಜ್ವರ ಬಂದ ಕೂಸಿಗೆ ಸುತ್ತಿದಂತೆ.

"ನಡಿ," ಎಂದಳು.

"ಎಲ್ಲಿಗ್ರಿ?"

"ಸೊರಬಕ್ಕೆ. ಏನು ಉಳಿದೈತೆ ಅಂತ ಕೇಳಾಣ. ನಿಮ್ಮ ಭಾವ ಒದರಿದ್ರೆ ಒದರ್ಲಿ. ಅತ್ತೆ ಜತೆಗೆ ಇದ್ರೆ ಸೊಸೆ ಹೊಸಿಲು ದಾಟಿದಂಗೆ ಲೆಕ್ಕ ಅಲ್ಲ."

ಅಂಥ ಲೆಕ್ಕ ಯಾವ ಶಾಸ್ತ್ರದಲ್ಲಿದೆಯೋ ಗೊತ್ತಿಲ್ಲ. ಗುಡ್ಡಮ್ಮ ಅದನ್ನು ಆಗಿಂದಾಗಲೇ ಮಾಡಿದ್ದಿರಬೇಕು.

ಶಿರಾಳಕೊಪ್ಪದಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಗುಡ್ಡಮ್ಮ ಕಂಬಳಿಯ ಗಂಟನ್ನು ತೊಡೆಯಿಂದ ಇಳಿಸಲಿಲ್ಲ.

"ಏನಜ್ಜಿ, ಕೋಳಿಯಾ? ಕೋಳಿಗೂ ಟಿಕೆಟ್ ಐತೆ," ಎಂದ ಕಂಡಕ್ಟರ್.

"ನಿನ್ನ ಮೂತಿಗಿಷ್ಟು. ಮುಂದೆ ಹೋಗು," ಎಂದಳು ಗುಡ್ಡಮ್ಮ. ಇಂದುಮತಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ಅದು ಸರಿಯೋ ತಪ್ಪೋ ತಿಳಿಯದೆ ಕಿಟಕಿಯ ಕಡೆ ತಿರುಗಿಕೊಂಡಳು.

ಪಂಚಾಕ್ಷರಪ್ಪ ಯುದ್ಧದ ಕಾಲದಲ್ಲಿ ಸೈನ್ಯದ ಆಸ್ಪತ್ರೆಯ ಕಂಪೌಂಡರನಾಗಿ ಇಟಲಿಯವರೆಗೂ ಹೋಗಿಬಂದವರು. ಯುದ್ಧ ಮುಗಿದು ಹಡಗಿಗಾಗಿ ಕಾಯುತ್ತಿದ್ದಾಗ ಅಲ್ಲಿನ ಸಂತೆಯಲ್ಲಿ ಈ ಕ್ಯಾಮೆರಾವನ್ನೂ ಚಿತ್ರ ತೋರಿಸುವ ಯಂತ್ರವನ್ನೂ ಕೊಂಡಿದ್ದರು. ಈಗ ಹೆಂಡತಿ ಇಲ್ಲ, ಕೈ ನಡುಗುತ್ತದೆ. ಇಬ್ಬರು ಹೆಂಗಸರನ್ನೂ ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟು, ನಡೆದದ್ದನ್ನೆಲ್ಲ ಕೇಳಿದರು.

"ಬೆಲ್ಲ ಇಟ್ರಾ!" ಎಂದು ನಗಲು ಹೋಗಿ, ಗುಡ್ಡಮ್ಮನ ಮುಖ ನೋಡಿ ನಿಲ್ಲಿಸಿದರು. "ಇರಲಿ ಬಿಡ್ರೀ. ನೋಡಾಣ."

ಒಳಕೋಣೆಯ ಬಾಗಿಲು ಹಾಕಿ, ಕಂಬಳಿಯನ್ನು ತಲೆಯ ಮೇಲಿಂದ ಹೊದ್ದು ಕೂತು ಅದರೊಳಗೇ ಮುಚ್ಚಳ ತೆರೆದರು. ಕಂಬಳಿಯ ಒಳಗಿನಿಂದಲೇ ಮಾತು ಬಂತು.

"ಎಲ್ಲ ಹೋಗಿಲ್ಲ ತಾಯಿ. ಈರುಳ್ಳಿ ಇದ್ದ ಹಾಗೆ ಇದು. ಮೇಲಿನ ಸುತ್ತುಗಳಿಗೆ ಬೆಳಕು ಹೊಡೆದಿರುತ್ತೆ. ಒಳಗಿನ ಸುತ್ತು ಉಳಿದಿರುತ್ತೆ. ಅವನು ಮೊದಲು ತೆಗೆದದ್ದು ಒಳಗಿದೆ. ಕೊನೆಗೆ ತೆಗೆದದ್ದು ಹೋಯ್ತು."

"ಕೊನೀಗೆ ಏನ ತೆಗೆದಿದ್ರು?"

"ನನಗೂ ಹೇಳಿರಲಿಲ್ಲ. ಇನ್ನೊಂದು ಕೇಳಿ. ಈ ಫಿಲ್ಮು ಎರಡು ಸಲ ಓಡ್ಬೇಕು. ಒಂದು ಅಂಚಿಗೆ ಒಂದು ಸಲ, ಚಕ್ರ ಮಗುಚಿ ಹಾಕಿ ಇನ್ನೊಂದು ಅಂಚಿಗೆ ಇನ್ನೊಂದು ಸಲ. ಆಮೇಲೆ ಬೊಂಬಾಯಿಯಲ್ಲಿ ತೊಳೆದು, ಉದ್ದಕ್ಕೆ ಸೀಳಿ, ಎರಡೂ ಸೇರಿಸಿ ಕೊಡ್ತಾರೆ. ಸದಾಶಿವ ಒಂದು ಅಂಚು ಮುಗಿಸಿದಾನೆ. ಇನ್ನೊಂದು ಹಾಗೇ ಇದೆ." ಕಂಬಳಿಯಿಂದ ಅವರ ತಲೆ ಹೊರಬಂತು. "ಇಲ್ಲೇ ಬಿಟ್ಟು ಹೋಗಿ. ಇದ್ದಷ್ಟನ್ನೇ ತೊಳೆಸಿ ತರಿಸ್ತೀನಿ."

ಇಂದುಮತಿ ಅತ್ತೆಯ ಕಡೆ ನೋಡಿದಳು. ಗುಡ್ಡಮ್ಮ ಗೋಡೆಗೆ ಒರಗಿ, ತಪ್ಪು ಮಾಡಿದ ಹುಡುಗಿಯ ಹಾಗೆ ಸೆರಗಿನ ಅಂಚು ಮಡಚುತ್ತಿದ್ದಳು.

"ಇಸ್ಕೊಂಡದ್ದು ಖಾಲಿ ಕೊಡಬಾರದು ಅಂತಾರ್ರೀ ನಮ್ಮತ್ತಿ," ಎಂದಳು ಇಂದುಮತಿ. "ಇದು ಅರ್ಧ ಖಾಲಿ ಐತಿ. ತುಂಬಿಸಿ ಕೊಡ್ತೀನಿ. ಹೆಂಗಂತ ಹೇಳಿಕೊಡ್ರಿ."

ಪಂಚಾಕ್ಷರಪ್ಪ ಆಕೆಯನ್ನು ಒಂದು ಕ್ಷಣ ನೋಡಿದರು. ಆಮೇಲೆ ಮತ್ತೆ ಕಂಬಳಿ ಹೊದ್ದು, ಬ್ರಷ್ಷಿನಿಂದ ಬೆಲ್ಲದ ಪುಡಿ ಒರೆಸಿ ಚಕ್ರ ಮಗುಚಿ ಹಾಕಿದರು. ಬಿಸಿಲು ಬೆನ್ನಿಗೆ ಇರಬೇಕು ಎಂದರು. ಉಸಿರು ಹಿಡಿದು, ಮೊಣಕೈ ಪಕ್ಕೆಗೆ ಒತ್ತಿ ಹಿಡಿಯಬೇಕು. ಮೊದಲ ಒಂದೆರಡು ಚಾವಿ ಸುಮ್ಮನೆ ಓಡಿಸಿಬಿಡಬೇಕು, ಅಲ್ಲಿಗೆ ಬೆಳಕು ಹೊಡೆದಿರುತ್ತದೆ.

"ಏನು ತೆಗೀಲಿ ಅಂತ ಕೇಳಲಿಲ್ಲ ನೀವು," ಎಂದರು ಕೊನೆಗೆ.

"ಅದನ್ನ ಅವರೂ ನಿಮ್ಮನ್ನ ಕೇಳಿರಲಿಕ್ಕಿಲ್ಲ."

"ಹೌದು. ಕೇಳಿರಲಿಲ್ಲ." ಕ್ಯಾಮೆರಾವನ್ನು ಆಕೆಯ ಕೈಗೆ ಕೊಟ್ಟರು. "ಇಟಲಿಯಲ್ಲಿ ನನಗೆ ಅವರ ಮಾತು ಒಂದಕ್ಷರ ಬರ್ತಿರಲಿಲ್ಲ. ಬೀದಿಯಲ್ಲಿ ಹೋದರೆ ಬಾಗಿಲು ಹಾಕ್ಕೊಳ್ಳೋರು. ಇದನ್ನ ಕಣ್ಣಿಗಿಟ್ಟುಕೊಂಡು ನಿಂತೆ ನೋಡಿ, ಒಬ್ಬೊಬ್ಬರೇ ಹೊರಗೆ ಬಂದರು. ಯಾಕೆ ಅಂತ ಇವತ್ತಿಗೂ ತಿಳೀದು."

ಮಲ್ಲಿಕಾರ್ಜುನಪ್ಪನಿಗೆ ಕೋಪ ಬಂದದ್ದು ಸೊರಬಕ್ಕೆ ಹೋಗಿ ಬಂದದ್ದಕ್ಕಲ್ಲ, ಡಬ್ಬಿ ವಾಪಸ್ಸು ಬಂದದ್ದಕ್ಕೆ. "ಕೊಡಾಕೆ ಹೋದೋರು ತಗಂಡು ಬಂದಾರೆ!" ಎಂದು ಎಂಜಿನ್ನಿನ ಸದ್ದಿಗಿಂತ ಮೇಲೆ ಕೂಗಿದ. ಅಮಾವಾಸ್ಯೆ ಬಂತು, ಹೋಯಿತು. ಮನೆಯಲ್ಲಿ ಏನೂ ಉರುಳಲಿಲ್ಲ. ಗುಡ್ಡಮ್ಮ ಮಾತ್ರ ಆ ದಿನವೆಲ್ಲ ಅಡುಗೆಮನೆಯ ಲೋಟಗಳನ್ನೇ ನೋಡುತ್ತಿದ್ದಳು.

ಇಂದುಮತಿ ಅವಸರ ಮಾಡಲಿಲ್ಲ. ಇದ್ದದ್ದು ಒಂದೇ ಅಂಚು. ತಪ್ಪಿದರೆ ಇನ್ನೊಂದಿಲ್ಲ. ಹಲವು ದಿನ ಬರಿಗೈಯನ್ನೇ ಕಣ್ಣಿಗೆ ಅಡ್ಡ ಹಿಡಿದು ನೋಡುತ್ತ ಓಡಾಡಿದಳು. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಒಂದಿಬ್ಬರು ಗುಡ್ಡಮ್ಮನಿಗೆ ಹೇಳಿದರು. ಹುಚ್ಚರಾಯಸ್ವಾಮಿ ಗುಡಿಯನ್ನು ತೆಗೆ ಎಂದು ಯಾರೋ ಹೇಳಿದರು, ಕೆರೆ ತೆಗೆ ಎಂದು ಇನ್ನೊಬ್ಬರು. ಆಕೆ ಯಾವುದನ್ನೂ ತೆಗೆಯಲಿಲ್ಲ. ಎರಡು ವರ್ಷ ತಾನು ಯಾರ ಮುಂದೆ ಬಾಯಿ ಮುಚ್ಚಿಕೊಂಡಿದ್ದಳೋ ಅವರನ್ನೇ ತೆಗೆಯಬೇಕು ಎಂದು ನಿರ್ಧರಿಸಿದಳು. ಒಂದು ಬೆಳಿಗ್ಗೆ ಕ್ಯಾಮೆರಾ ಹಿಡಿದು ಗಿರಣಿಯ ಬಾಗಿಲಲ್ಲಿ ನಿಂತಳು.

ಗಿರಣಿ ಜಾತ್ರೆಯಂತೆ ತುಂಬಿತ್ತು. ಜೋಳ, ಅಕ್ಕಿ, ರಾಗಿಯ ಡಬ್ಬಿಗಳು ಸಾಲಾಗಿ ಕೂತಿದ್ದವು. ಹೆಂಗಸರ ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ಹಿಟ್ಟು.

"ಗಿರಣಿ ಒಳಗೆ ಇದೆಲ್ಲ ನಡೆಯಲ್ಲ ಅಂತ ಹೇಳವ್ವ," ಎಂದ ಮಲ್ಲಿಕಾರ್ಜುನಪ್ಪ.

"ನಡೀತೈತೆ ಬಿಡೋ. ಗಿರಣಿ ಹಾಕಿಸಿದ್ದು ನಿಮ್ಮಪ್ಪ," ಎಂದಳು ಗುಡ್ಡಮ್ಮ.

ದುರ್ಗಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಬಾಯಿ ಬಿಡದೋಳು ಈಗ ಕಣ್ಣಿಗೆ ಡಬ್ಬಿ ಇಟ್ಕಂಡು ಬಂದಾಳೆ. ಏನೇ, ನಮ್ಮನ್ನ ಬೊಂಬಾಯಿ ರಾಜ್ಯಕ್ಕೆ ತೋರಿಸ್ತೀಯಾ?"

"ತೋರಿಸ್ತೀನ್ರಿ. ನಿಮ್ಮ ಮುಖ ನೋಡಿ ಸೊಲ್ಲಾಪುರನೂ ಬಿಟ್ಟುಕೊಡ್ತಾರ."

ಮೂಲೆಯಲ್ಲಿದ್ದ ಹುಲಿಯಮ್ಮಜ್ಜಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ದುರ್ಗಮ್ಮನೇ ಮೊದಲು ಮುಂದೆ ಬಂದಳು. ಬಂದವಳು ಸೆರಗು ಹೊದ್ದು, ಕೈ ನೇರ ಬಿಟ್ಟು, ಉಸಿರು ಹಿಡಿದು ಕಂಬದಂತೆ ನಿಂತಳು. ಅವಳ ಪಕ್ಕಕ್ಕೆ ಇನ್ನೊಬ್ಬಳು, ಅವಳ ಪಕ್ಕಕ್ಕೆ ಮತ್ತೊಬ್ಬಳು. ಪಟದಂಗಡಿಯಲ್ಲಿ ನಿಂತ ಹಾಗೆ ಎಲ್ಲರೂ ಸಾಲಾದರು.

"ಹಂಗ್ಯಾಕ ನಿಂತೀರಿ? ಫೋಟೋ ಅಲ್ರಿ ಇದು. ಅಳ್ಳಾಡ್ರಿ. ಹಿಟ್ಟು ಜರಡಿ ಹಿಡೀರಿ."

"ಅಳ್ಳಾಡ್ರಿ!" ಎಂದು ಯಾರೋ ಅದೇ ರಾಗ ಎಳೆದರು. ಎಲ್ಲರೂ ನಕ್ಕರು. ಹಿಂದೆ ಅವರು ಹೀಗೆ ನಕ್ಕಾಗಲೆಲ್ಲ ಇಂದುಮತಿ ಒಳಗೆ ಹೋಗುತ್ತಿದ್ದಳು. ಈಗ ಆಕೆಯ ಬೆರಳು ಗುಂಡಿಯ ಮೇಲಿತ್ತು, ಚಾವಿ ತುಂಬಿತ್ತು. ಆಕೆ ಒತ್ತಿದಳು. ಡಬ್ಬಿಯೊಳಗೆ ಜೀರುಂಡೆಯಂಥ ಸದ್ದು. ನಗುತ್ತಿದ್ದವರು ಒಬ್ಬೊಬ್ಬರಾಗಿ ನಗು ನಿಲ್ಲಿಸಿ ತಮ್ಮ ತಮ್ಮ ಕೆಲಸಕ್ಕೆ ತಿರುಗಿದರು. ಹುಲಿಯಮ್ಮಜ್ಜಿ ಮಾತ್ರ ಕೊನೆಯವರೆಗೂ ಅವಳನ್ನೇ ನೋಡುತ್ತಿದ್ದಳು.

ಆಮೇಲಿನ ದಿನಗಳಲ್ಲಿ ಗುಡ್ಡಮ್ಮ ಅಕ್ಕಿಯಲ್ಲಿ ಕಲ್ಲು ಆರಿಸುವುದನ್ನು ಇಂದುಮತಿ ತೆಗೆದಳು. ಗುಡ್ಡಮ್ಮ ಬೇಡವೆಂದಳು, ಬೇಡವೆನ್ನುತ್ತಲೇ ತಲೆ ಬಾಚಿಕೊಂಡು ಬಂದು ಕೂತಳು. ಕೊನೆಯ ಚಾವಿಯನ್ನು ಇಂದುಮತಿ ಮಲ್ಲಿಕಾರ್ಜುನಪ್ಪನಿಗೆ ಇಟ್ಟಿದ್ದಳು. ಅವನು ಎಂಜಿನ್ನಿನ ಪಟ್ಟಿ ಹಾಕುತ್ತಿದ್ದ. ಸದ್ದು ಕೇಳಿ ತಿರುಗಿದ. ಬೈಯುತ್ತಾನೆ ಎಂದುಕೊಂಡಳು. ಬೈಯಲಿಲ್ಲ. ಮೈಯೆಲ್ಲ ಹಿಟ್ಟಾಗಿ ನಿಂತು, ಎರಡು ವರ್ಷದಲ್ಲಿ ಮೊದಲ ಸಲ ಆಕೆಯ ಕಡೆ ನೇರವಾಗಿ ನೋಡಿದ. ಚಾವಿ ತೀರಿ ಡಬ್ಬಿ ತಾನಾಗಿ ನಿಂತಿತು.

"ಆಯ್ತಾ?" ಎಂದ.

"ಆತ್ರಿ."

ಪಂಚಾಕ್ಷರಪ್ಪ ಸುರುಳಿಯನ್ನು ಬಿಚ್ಚಿ ಬೊಂಬಾಯಿಗೆ ಕಳಿಸಿದರು. ಕ್ಯಾಮೆರಾ ಬಿಟ್ಟು ಹೋಗಿ ಎಂದಾಗ ಇಂದುಮತಿ ಒಪ್ಪಲಿಲ್ಲ. ನೋಡುವವರೆಗೆ ಕೆಲಸ ಮುಗಿದಂತೆ ಆಗುವುದಿಲ್ಲ ಎಂದಳು. ಸಂಕ್ರಾಂತಿ ಕಳೆಯಿತು. ತಂದೆ ಬರಲಿಲ್ಲ, ನಿನಗೆ ಸರಿ ಕಂಡಂತೆ ಮಾಡು ಎಂದು ಬರೆದರು. ಶಿವರಾತ್ರಿಯ ಹತ್ತಿರ ಸೊರಬದಿಂದ ಕರೆ ಬಂತು. ಅತ್ತೆ ಸೊಸೆ ಮತ್ತೆ ಬಸ್ಸು ಹತ್ತಿದರು.

ನಡುಮಧ್ಯಾಹ್ನ. ಪಂಚಾಕ್ಷರಪ್ಪ ಕಿಟಕಿಗಳಿಗೆ ಗೋಣಿತಾಟು ಕಟ್ಟಿ ಸುಣ್ಣದ ಗೋಡೆಗೆ ಯಂತ್ರ ತಿರುಗಿಸಿದರು. ಗೋಡೆಯ ಮೇಲೆ ಒಂದು ಮೊಳ ಅಗಲದ ಬೆಳಕು ಬಿತ್ತು. ಅದರಲ್ಲಿ ಒಬ್ಬ ಹೆಂಗಸು ಬಂಡೆಯ ಮೇಲೆ ಕೂತು ಚಾಣದಿಂದ ಕಲ್ಲು ಬಿಡಿಸುತ್ತಿದ್ದಳು. ಸೀರೆ ಉಟ್ಟ ರೀತಿ ಈ ಕಡೆಯದಲ್ಲ. ಸುತ್ತಿಗೆ ಎತ್ತಿದವಳು ಹಾಗೇ ನಿಲ್ಲಿಸಿ ಮೇಲೆ ನೋಡಿದಳು. ಏನೋ ಕೇಳಿಸಿಕೊಂಡು, ಏನೋ ಉತ್ತರ ಕೊಟ್ಟು, ಬಾಯಿಗೆ ಸೆರಗು ಒತ್ತಿ ನಕ್ಕಳು.

ಆ ಹೆಂಗಸನ್ನು ನಗಿಸಿದ್ದು ಯಾರು ಎಂದು ಇಂದುಮತಿಗೆ ಗೊತ್ತಿತ್ತು. ಅವನು ಹೀಗೇ, ಕೆಲಸ ಮಾಡುವವರನ್ನು ತಡೆದು ಏನಾದರೊಂದು ತಮಾಷೆ ಮಾಡುವವನು.

"ಬಿಜಾಪುರದ ಕಡೆಯಿಂದ ಬಂದವರು. ಕುಪ್ಪಗಡ್ಡೆ ಹತ್ತಿರ ಕಲ್ಲು ಒಡೀತಾರೆ," ಎಂದರು ಪಂಚಾಕ್ಷರಪ್ಪ.

ಆಮೇಲೆ ಒಬ್ಬ ದರ್ಜಿ. ಹೊಲಿಗೆ ಯಂತ್ರದ ಗಾಲಿಯನ್ನು ಅಂಗೈಯಿಂದ ತಡೆದು, ದಾರ ಕಡಿದು, ಮತ್ತೆ ತುಳಿಯತೊಡಗಿದ. "ಸೇಲಂ ಕಡೆಯೋನು. ಬಂದು ಬಹಳ ವರ್ಷ ಆಯ್ತು. ಇನ್ನೂ ಅವನನ್ನ ಪರದೇಶಿ ದರ್ಜಿ ಅಂತಾನೇ ಕರೀತಾರೆ." ಆಮೇಲೆ ರೊಟ್ಟಿ ಬೇಯಿಸುವ ಕುಮಟೆಯ ಕೊಂಕಣಿ ವಿಧವೆ. ಹೊಗೆಗೆ ಕಣ್ಣು ಕಿರಿದು ಮಾಡಿ ನೋಡಿದಳು, ರೊಟ್ಟಿ ಮಗುಚಿದಳು, ಮತ್ತೆ ನೋಡಿದಳು. ಆಮೇಲೆ ಆನವಟ್ಟಿ ಬಸ್ ನಿಲ್ದಾಣದ ಹತ್ತಿರ ಚಹಾ ಮಾಡುವ ಮಲೆಯಾಳಿ. ಯಾರಿಗೂ ಮಾತಿಲ್ಲ. ಯಂತ್ರ ಕಟಕಟ ಎನ್ನುತ್ತಿತ್ತು, ಅಷ್ಟೆ.

ಇಂದುಮತಿಗೆ ಮೂರನೆಯ ಮುಖಕ್ಕೇ ಅರ್ಥವಾಗಿತ್ತು. ಎಲ್ಲರೂ ಬೇರೆಲ್ಲಿಂದಲೋ ಬಂದವರು. ಸೈಕಲ್ಲಿನ ಮೇಲೆ ತಿರುಗಿ ತಿರುಗಿ ಅಂಥವರನ್ನೇ ಹುಡುಕಿದ್ದಾನೆ. ನಿನ್ನ ಹಾಗೆ ಇನ್ನೂ ಇದ್ದಾರೆ ಎಂದು ಬಾಯಲ್ಲಿ ಹೇಳಿದ್ದರೆ ಅವಳು ನಂಬುತ್ತಿರಲಿಲ್ಲ. ಅದು ಅವನಿಗೆ ಗೊತ್ತಿತ್ತು.

ಮಲೆಯಾಳಿ ಚಹಾ ಎತ್ತರದಿಂದ ಸುರಿದ. ಲೋಟವನ್ನು ಎದುರಿಗೆ ಚಾಚಿದ. ಅಷ್ಟರಲ್ಲಿ ಅವನ ಭುಜದ ಕಡೆಯಿಂದ ಬಿಳುಪು ಹರಿದುಬಂತು. ಕೈ ಹೋಯಿತು, ಲೋಟ ಹೋಯಿತು, ಗೋಡೆ ಬರಿಯ ಬೆಳಕಾಯಿತು.

"ಇದೇನೇ ಇದು?" ಎಂದಳು ಗುಡ್ಡಮ್ಮ.

ಸದಾಶಿವಪ್ಪನ ಕೊನೆಯ ಚಿತ್ರಗಳು ಆ ಬಿಳುಪಿನಲ್ಲಿ ಇದ್ದವು. ಅವು ಏನೆಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ಇಂದುಮತಿಯ ಕಣ್ಣಲ್ಲಿ ನೀರು ಬಂತು. ಕಾರ್ತಿಕದಿಂದ ಬಾರದೆ ಇದ್ದದ್ದು ಈಗ ಬಂತು. ಅದನ್ನು ಒರೆಸಿಕೊಳ್ಳದೆಯೇ ಹೇಳಿದಳು, "ಅವತ್ತ ನೀವು ಮುಚ್ಚಳ ತೆಗೆದು ಬಿಸಿಲಿಗೆ ಹಿಡಿದಿದ್ರಲ್ರಿ, ಅದು."

ಗುಡ್ಡಮ್ಮ ಆ ಬೆಳಕನ್ನೇ ನೋಡಿದಳು.

"ನಮ್ಮ ಕಿಟಕಿ ಬಿಸಿಲಾ ಅದು?"

"ಹೂಂ."

"ಹಾಳು ಮುದುಕಿ ನಾನು," ಎಂದಳು ಗುಡ್ಡಮ್ಮ. ಇಂದುಮತಿ ಅವಳ ಕೈ ಹಿಡಿದಳು.

ಬೆಳಕಿನಲ್ಲಿ ನಿಧಾನವಾಗಿ ಆಕಾರಗಳು ಮೂಡಿದವು. ಹಿಟ್ಟಿನ ಹುಬ್ಬುಗಳು, ಸಾಲು ನಿಂತ ಹೆಂಗಸರು, ಸದ್ದಿಲ್ಲದ ದೊಡ್ಡ ನಗು. "ಅಗೋ ದುರ್ಗಿ!" ಎಂದು ಗುಡ್ಡಮ್ಮ ಎದ್ದೇ ನಿಂತಳು, ಗೋಡೆಯ ಮೇಲೆ ಅವಳ ನೆರಳು ಬಿದ್ದು ದುರ್ಗಮ್ಮ ಮರೆಯಾದಳು. "ಕೂತ್ಕೊಳ್ರೀ ಮಾರಾಯ್ರೆ!" ಎಂದರು ಪಂಚಾಕ್ಷರಪ್ಪ.

ಮಲ್ಲಿಕಾರ್ಜುನಪ್ಪನ ಮುಖದೊಂದಿಗೆ ಸುರುಳಿ ಮುಗಿಯಿತು. ಬಾಲ ಪಟಪಟ ಹೊಡೆದುಕೊಂಡಿತು.

"ಅವರು ಇನ್ನೂ ಅಲ್ಲೇ ಅದಾರೇನ್ರಿ? ಆ ಚಹಾದವ, ರೊಟ್ಟಿ ಮಾಡೂ ಬಾಯಿ?" ಎಂದು ಕೇಳಿದಳು ಇಂದುಮತಿ.

"ಎಲ್ಲಿ ಹೋಗ್ತಾರೆ? ಇದಾರೆ."

"ಅವರಿಗೂ ಇದನ್ನ ತೋರಿಸಬೇಕು. ಗಿರಣಿಯವರಿಗೂ." ಅತ್ತೆಯ ಕಡೆ ತಿರುಗಿದಳು. "ಅತ್ತೀ, ನಾ ಸೊಲ್ಲಾಪುರಕ್ಕ ಹೋಗೂದಿಲ್ರಿ. ಇಲ್ಲಿ ಬ್ಲಾಕ್ ಆಫೀಸಿನ್ಯಾಗ ಗ್ರಾಮಸೇವಿಕಾ ಕೆಲಸ ಖಾಲಿ ಐತಂತ. ಅರ್ಜಿ ಹಾಕ್ತೀನಿ."

"ಹಾಕು," ಎಂದಳು ಗುಡ್ಡಮ್ಮ. "ನಿಮ್ಮ ಭಾವನಿಗೆ ನಾನು ಹೇಳ್ತೀನಿ. ಇಲ್ಲ, ನೀನೇ ಹೇಳು."

ಇಂದುಮತಿ ಕಂಬಳಿ ಬಿಚ್ಚಿ ಕ್ಯಾಮೆರಾ ಹೊರತೆಗೆದಳು. ಪಂಚಾಕ್ಷರಪ್ಪ ಕೈ ಅಡ್ಡ ಆಡಿಸಿದರು.

"ಇಟ್ಟುಕೊಳ್ಳಿ ತಾಯಿ. ನನ್ನ ಕೈ ನಿಲ್ಲಲ್ಲ. ನಾನಿದನ್ನ ಏನು ಮಾಡ್ಲಿ?"

"ಇಲ್ರಿ. ಇದು ಅವ್ರು ಇಸ್ಕೊಂಡದ್ದು. ಅವ್ರ ಹೆಸರಿನ್ಯಾಗ ಇರೂದು ಮುಗೀಲಿ. ನನಗ ಬೇಕಾದ್ರ ನನ್ನ ಹೆಸರಿಗೆ ನಾನ ಬಂದು ಕೇಳ್ತೀನಿ."

"ಯಾವಾಗ ಕೇಳ್ತೀರಿ?"

"ಮೊದಲು ಇದನ್ನ ತೊಗೋರಿ," ಎಂದಳು ಇಂದುಮತಿ. ಅವರು ನಡುಗುವ ಎರಡೂ ಕೈ ಚಾಚುವವರೆಗೆ ಕಾದು, ಅದನ್ನು ಅವರ ಅಂಗೈಯಲ್ಲಿಟ್ಟಳು.